ಕಿರು ಆರ್‌ಎನ್‌ಎ ಕಾಣೆಯಾದಾಗ

ಎಲೆಅಡಿಕೆ, ಹೊಗೆಸೊಪ್ಪು ದವಡೆಗೆ ಒತ್ತಿಕೊಂಡೇ ಕಾಫಿ ಹಣ್ಣು ಕುಯ್ಯುವವರು ಕೊಡಗಿನ ತೋಟಗಳಲ್ಲಿ ಇವತ್ತಿಗೂ ಸಿಗುತ್ತಾರೆ. ಕೆನ್ನೆಯ ಒಳಗೆ ಬಿಳಿ ಮಚ್ಚೆ ಎದ್ದರೂ ‘ಸುಣ್ಣ ಜಾಸ್ತಿಯಾಗಿರಬೇಕು’ ಎಂದು ಸುಮ್ಮನಾಗುತ್ತಾರೆ. ಅಂಥ ಮಚ್ಚೆ ಕ್ಯಾನ್ಸರಿಗೆ ತಿರುಗುವಾಗ ಜೀವಕೋಶದೊಳಗೆ ಏನು ಹದ ತಪ್ಪುತ್ತದೆ ಎಂದು ಹುಡುಕುತ್ತ ಹೋದವರಿಗೆ ಮತ್ತೆ ಮತ್ತೆ ಎದುರಾಗಿರುವುದು ಮೈಕ್ರೋಆರ್‌ಎನ್‌ಎ ಎಂಬ ಕಿರು ಆರ್‌ಎನ್‌ಎ ತುಣುಕು.

ಆರ್‌ಎನ್‌ಎ ಎಂದರೆ ಡಿಎನ್‌ಎಯಂತೆ ರಾಸಾಯನಿಕ ಅಕ್ಷರಗಳ ಸರ. ಇದರ ಉದ್ದ ಸುಮಾರು 22 ಅಕ್ಷರ, ಅಷ್ಟೇ. ವಂಶವಾಹಿಯ ನಕಲು ಹೊತ್ತು ಬರುವ ಸಂದೇಶವಾಹಕ ಆರ್‌ಎನ್‌ಎಗೆ ಇದು ಅಂಟಿಕೊಂಡು ಪ್ರೋಟೀನ್ ತಯಾರಿಯನ್ನು ತಗ್ಗಿಸುತ್ತದೆ. ಮಳೆಗೆ ಮುಂಚೆ ತೋಟದಲ್ಲಿ ಮರಗಸಿ ಮಾಡುವವರು ಕೊಂಬೆ ಸವರಿ, ಮರವನ್ನು ಉಳಿಸಿಕೊಂಡೇ ನೆರಳನ್ನು ಹದಕ್ಕೆ ತರುತ್ತಾರಲ್ಲ, ಆ ಬಗೆಯ ಕೆಲಸ. ಅಮೆರಿಕದ ವಿಜ್ಞಾನಿಗಳಾದ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್‌ಕುನ್ 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಇದನ್ನು ಕಂಡರು. ನೊಬೆಲ್ ಬಂದದ್ದು 2024ರಲ್ಲಿ.

ಕ್ಯಾನ್ಸರಿನ ನಂಟು ಗೊತ್ತಾದ ಬಗೆ ನನಗೆ ಇದಕ್ಕಿಂತ ದೊಡ್ಡ ಸಂಗತಿ. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ಸಿಎಲ್‌ಎಲ್ ಎಂಬ ರಕ್ತ ಕ್ಯಾನ್ಸರಿನಲ್ಲಿ ಎಷ್ಟೋ ರೋಗಿಗಳಿಗೆ 13ನೇ ಕ್ರೋಮೋಸೋಮಿನ ಒಂದು ತುಂಡೇ ಕಳೆದುಹೋಗಿರುತ್ತದೆ. ಕ್ಯಾನ್ಸರ್ ತಡೆಯುವ ಯಾವುದೋ ಪ್ರೋಟೀನಿನ ವಂಶವಾಹಿ ಅಲ್ಲಿರಬೇಕೆಂದು ವರ್ಷಗಟ್ಟಲೆ ಹುಡುಕಿದರು. ಸಿಗಲಿಲ್ಲ. 2002ರಲ್ಲಿ ಜಾರ್ಜ್ ಕ್ಯಾಲಿನ್, ಕಾರ್ಲೋ ಕ್ರೋಚೆ ಅವರ ತಂಡಕ್ಕೆ ಅಲ್ಲಿ ಕಂಡದ್ದು ಎರಡು ಮೈಕ್ರೋಆರ್‌ಎನ್‌ಎಗಳು: ಮಿಆರ್-15, ಮಿಆರ್-16. ಇವು ಬಿಸಿಎಲ್2 ಎಂಬ ಪ್ರೋಟೀನನ್ನು ಹತೋಟಿಯಲ್ಲಿಡುತ್ತವೆ ಎಂಬುದು ಆಮೇಲೆ ತಿಳಿಯಿತು. ಬಿಸಿಎಲ್2 ಮಿತಿಮೀರಿದರೆ ಸಾಯಬೇಕಾದ ಜೀವಕೋಶ ಸಾಯದೆ ಗುಡ್ಡೆ ಬೀಳುತ್ತದೆ. ಇವತ್ತು ಈ ರೋಗಕ್ಕೆ ಕೊಡುವ ವೆನೆಟೋಕ್ಲಾಕ್ಸ್ ಮಾತ್ರೆ ಕಟ್ಟಿಹಾಕುವುದು ಇದೇ ಬಿಸಿಎಲ್2ನ್ನು.

ಕೊರತೆಯಂತೆ ಅತಿಯೂ ಕೆಡುಕೇ. ಮಿಆರ್-21 ಬಾಯಿ ಕ್ಯಾನ್ಸರೂ ಸೇರಿ ಹಲವು ಗಡ್ಡೆಗಳಲ್ಲಿ ವಿಪರೀತ ಹೆಚ್ಚಿರುತ್ತದೆ. ಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳನ್ನೇ ಅದು ಅಡಗಿಸಿಬಿಡುತ್ತದೆ.

ಹಾಗಾದರೆ ಕೊರತೆಯಿದ್ದಲ್ಲಿ ಮೈಕ್ರೋಆರ್‌ಎನ್‌ಎಯನ್ನೇ ಔಷಧವಾಗಿ ಕೊಡಬಾರದೆ? ಮಿಆರ್-34ನ್ನು ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿಟ್ಟು ರೋಗಿಗಳ ರಕ್ತಕ್ಕೆ ಬಿಟ್ಟ ಪ್ರಯೋಗವನ್ನು 2016ರಲ್ಲಿ ನಿಲ್ಲಿಸಬೇಕಾಯಿತು. ರೋಗನಿರೋಧಕ ವ್ಯವಸ್ಥೆ ರೊಚ್ಚಿಗೆದ್ದು ಕೆಲವರು ಪ್ರಾಣ ಕಳೆದುಕೊಂಡರು. ಒಂದು ಮೈಕ್ರೋಆರ್‌ಎನ್‌ಎ ನೂರಾರು ವಂಶವಾಹಿಗಳ ಮೇಲೆ ಕೈಯಾಡಿಸುವುದರಿಂದ, ಬೇಕಾದ ಜೀವಕೋಶಕ್ಕೆ ಮಾತ್ರ ಅದನ್ನು ತಲುಪಿಸುವುದೇ ಈಗಿನ ದೊಡ್ಡ ತೊಡಕು.

ರೋಗ ಪತ್ತೆಯಲ್ಲಿ ನನಗೆ ಹೆಚ್ಚು ಭರವಸೆ. ಮೈಕ್ರೋಆರ್‌ಎನ್‌ಎ ಎಂಜಲಿನಲ್ಲೂ ಸಿಗುತ್ತದೆ, ಬೇಗ ಹಾಳಾಗುವುದಿಲ್ಲ. ದೊಡ್ಡ ಆಸ್ಪತ್ರೆಗೆಂದು ಮೈಸೂರಿಗೆ ಹೊರಟರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಒಂದು ದಿನದ ಕೂಲಿ ಬಿಟ್ಟು ಹೋಗಲಾಗದ, ತೋಟದ ಕಾರ್ಮಿಕರ ಲೈನ್ ಮನೆಯವರಿಗೆ, ಊರಿನ ಆರೋಗ್ಯ ಕೇಂದ್ರದಲ್ಲೇ ಒಂದು ಹನಿ ಎಂಜಲು ಕೊಟ್ಟರೆ ಸಾಕೆನ್ನುವ ಪರೀಕ್ಷೆ ಬಂದರೆ ಎಷ್ಟು ಜೀವ ಉಳಿದೀತು! ಸದ್ಯಕ್ಕೆ ಅದಿನ್ನೂ ಸಂಶೋಧನೆಯ ಹಂತದಲ್ಲೇ ಇದೆ. ಎರಡು ವಾರವಾದರೂ ಮಾಯದ ಬಾಯಿಹುಣ್ಣನ್ನು ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ಚೂರು ತೆಗೆಸಿ ಬಯಾಪ್ಸಿ ಮಾಡಿಸಲೇಬೇಕು.