ಕ್ಯಾನ್ಯನ್: ನದಿ ಕೊರೆದ ಕೊಳ್ಳ

ನದಿಯೊಂದು ಬಂಡೆ ಕೊರೆದು ಮಾಡಿಕೊಂಡ, ಎರಡೂ ಕಡೆ ಗೋಡೆಯಂತೆ ನೆಟ್ಟಗೆ ನಿಂತ ಆಳವಾದ ದಾರಿಗೆ ಕ್ಯಾನ್ಯನ್ ಅನ್ನುತ್ತಾರೆ. ಪದ ಬಂದದ್ದು ಸ್ಪ್ಯಾನಿಷ್‌ನಿಂದ. ಅಲ್ಲಿ ಅದಕ್ಕೆ ಕೊಳವೆ ಎಂಬ ಅರ್ಥವೂ ಇದೆ. ನಾವು ಸುಮ್ನೆ 'ಕಣಿವೆ' ಅಂದುಬಿಡುತ್ತೇವೆ. ಆದರೆ ಕಣಿವೆ ಅಂದ ಕೂಡಲೇ ಕಣ್ಣಿಗೆ ಬರುವುದು ಇಳಿಜಾರು, ಗದ್ದೆ, ತೋಟ, ಅಲ್ವಾ? ಬಾದಾಮಿ ಕಡೆಯ 'ಕೊಳ್ಳ' ಎಂಬ ಪದ ಇದಕ್ಕೆ ಹೆಚ್ಚು ಹತ್ತಿರ ಅಂತ ನನಗನಿಸುತ್ತದೆ. ಸಿದ್ಧನಕೊಳ್ಳ, ಹುಲಿಗೆಮ್ಮನ ಕೊಳ್ಳ ಇರುವುದೂ ಮರಳುಗಲ್ಲಿನ ಸೀಮೆಯಲ್ಲೇ.

ಅಮೆರಿಕದ ಯೂಟಾ ರಾಜ್ಯದ ಝಯಾನ್ ಕ್ಯಾನ್ಯನ್ ನೋಡಿದರೆ ಪದದ ಅರ್ಥ ಪೂರ್ತಿ ತಿಳಿಯುತ್ತದೆ. ಅಲ್ಲಿನ ನವಾಹೋ ಮರಳುಗಲ್ಲು ಸುಮಾರು 18 ಕೋಟಿ ವರ್ಷಗಳ ಹಿಂದೆ ಗಾಳಿ ಗುಡ್ಡೆ ಹಾಕಿದ್ದ ಮರಳ ದಿಬ್ಬ. ಗೋಡೆಯ ಹತ್ತಿರ ನಿಂತರೆ ಓರೆ ಓರೆಯಾದ ಗೆರೆಗಳು ಕಾಣುತ್ತವೆ. ಅವು ಇಳಿದಿರುವ ದಿಕ್ಕೇ ಆಗ ಗಾಳಿ ಬೀಸಿದ ದಿಕ್ಕು! ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು.

ಕೊರೆದದ್ದು ವರ್ಜಿನ್ ನದಿ. ನೋಡಲು ಚಿಕ್ಕದು, ಆದರೆ ಇಳಿಜಾರು ಜಾಸ್ತಿ. ನೀರಿನ ಜೊತೆ ಮರಳು, ಕಲ್ಲು ಉರುಳಿ ತಳವನ್ನು ಉಜ್ಜುತ್ತವೆ. ದಿಢೀರ್ ಪ್ರವಾಹ ಬಂದ ದಿನ ಈ ಕೆಲಸ ಇನ್ನೂ ಜೋರು. 'ನ್ಯಾರೋಸ್' ಎಂಬಲ್ಲಿ ಗೋಡೆಗಳು ಸಾವಿರ ಅಡಿ ಎತ್ತರ, ನಡುವಿನ ಜಾಗ ಕೆಲವೆಡೆ ಬರೀ 20-30 ಅಡಿ. ಕೆಳಗಡೆ ಹೋದಂತೆ ಕ್ಯಾನ್ಯನ್ ಅಗಲವಾಗುತ್ತದೆ. ಅಲ್ಲಿ ನದಿ ಮರಳುಗಲ್ಲನ್ನು ದಾಟಿ ಅದರಡಿಯ ಮೆತ್ತನೆ ಪದರಕ್ಕೆ ಇಳಿದಿದೆ. ಬುಡ ಸವೆದಾಗ ಮೇಲಿನ ಬಂಡೆ ಹಾಳೆ ಹಾಳೆಯಾಗಿ ಕಳಚಿ ಬೀಳುತ್ತದೆ. ಗೋಡೆ ಹಿಂದೆ ಸರಿಯುತ್ತದೆ, ಆದರೂ ನೆಟ್ಟಗೇ ಉಳಿಯುತ್ತದೆ.

ಇದಕ್ಕೆ ಒಣ ಸೀಮೆಯೇ ಏಕೆ ಬೇಕು? ಮಳೆ ಜಾಸ್ತಿ ಇದ್ದರೆ ಗೋಡೆಗಳ ಅಂಚು ಕರಗಿ ಇಳಿಜಾರಾಗುತ್ತಿತ್ತು. ಇಲ್ಲಿ ಮಳೆ ಕಡಿಮೆ, ನದಿಗೆ ನೀರು ಬರುವುದು ದೂರದ ಎತ್ತರದ ಪ್ರಸ್ಥಭೂಮಿಯಿಂದ. ಹಾಗಾಗಿ ತಳ ಬೇಗ ಇಳಿಯುತ್ತದೆ, ಬದಿಗಳು ನಿಧಾನವಾಗಿ ಸವೆಯುತ್ತವೆ.

ಇಷ್ಟು ಒಣ ಜಾಗದಲ್ಲೂ ಹಸಿರಿದೆ. 'ವೀಪಿಂಗ್ ರಾಕ್' ಎಂಬ ಬಂಡೆಯಿಂದ ನೀರು ಸದಾ ಹನಿಯುತ್ತದೆ, ಗೋಡೆಗೆ ಅಂಟಿಕೊಂಡು ಜರಿಗಿಡಗಳು ತೂಗುತ್ತವೆ. ಮೇಲೆ ಬಿದ್ದ ಮಳೆ ಮರಳುಗಲ್ಲಿನೊಳಗೆ ಇಂಗಿ, ಅಡಿಯ ಜೇಡಿಪದರ ತಡೆದಲ್ಲಿ ಹೊರಗೆ ಬರುತ್ತದೆ. ಈ ಪಯಣಕ್ಕೆ ಸಾವಿರ ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಇವತ್ತು ಆ ಜರಿಗಿಡದ ತುದಿಯಿಂದ ಉದುರುವ ಹನಿ, ನಮ್ಮಲ್ಲಿ ರಾಷ್ಟ್ರಕೂಟರು ಆಳುತ್ತಿದ್ದಾಗ ಅಲ್ಲಿ ಸುರಿದ ಮಳೆಯದ್ದಿರಬಹುದು.