ಗಂಟೆ, ಮೇಣದಬತ್ತಿ, ಬಿಳಿ ಬಟ್ಟೆ: ಟ್ರಿನಿಡಾಡ್‌ನಲ್ಲಿ ಪ್ರಾರ್ಥನೆಯೇ ಅಪರಾಧವಾಗಿದ್ದ ಕಾಲ

ತಲೆಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುವುದು, ಉರಿಯುವ ಮೇಣದಬತ್ತಿ ಹಿಡಿಯುವುದು, ನಡುನಡುವೆ ಗಂಟೆ ಬಾರಿಸುವುದು, ಮೈ ನಡುಗಿಸಿ ಕೂಗುವುದು, ಕೈಯಲ್ಲಿ ಹೂ ಹಿಡಿಯುವುದು, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದು. 1917ರಲ್ಲಿ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ಬ್ರಿಟಿಷ್ ಆಡಳಿತ ತಂದ ಶೌಟರ್ಸ್ ನಿಷೇಧ ಕಾಯ್ದೆ, 'ಇದು ಶೌಟರ್‌ಗಳ ಸಭೆ' ಎಂದು ಗುರುತು ಹಿಡಿಯಲು ಪಟ್ಟಿ ಮಾಡಿದ ಲಕ್ಷಣಗಳಿವು. ಅಂಥ ಸಭೆ ನಡೆಸಿದರೂ ತಪ್ಪು, ಹೋಗಿ ಕೂತರೂ ತಪ್ಪು. ಶೌಟರ್, ಅಂದರೆ ಕೂಗುವವರು ಎಂಬುದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ಸ್ಪಿರಿಚುಯಲ್ ಬ್ಯಾಪ್ಟಿಸ್ಟರು ಎಂದು. ಕ್ರೈಸ್ತ ನಂಬಿಕೆಯೊಂದಿಗೆ ಆಫ್ರಿಕನ್ ಮೂಲದ ಭಕ್ತಿರೀತಿ ಬೆರೆತ ಪಂಥವಿದು.

ಆ ದ್ವೀಪದಲ್ಲಿ ಯಾರ ದೇವರಿಗೆ ಎಷ್ಟು ಜಾಗ ಎಂಬುದನ್ನು ಮೊದಲಿನಿಂದಲೂ ಸರ್ಕಾರವೇ ತೀರ್ಮಾನಿಸುತ್ತ ಬಂದಿತ್ತು. 1783ರಲ್ಲಿ, ಆಗ ದ್ವೀಪವನ್ನು ಆಳುತ್ತಿದ್ದ ಸ್ಪೇನ್, ಹೊರಗಿನವರಿಗೆ ಜಮೀನು ಕೊಡಲು ಮುಂದಾದಾಗ ಕ್ಯಾಥೊಲಿಕರಾಗಿರಬೇಕು ಎಂಬುದೇ ಷರತ್ತು. ಫ್ರೆಂಚ್ ತೋಟದ ಮಾಲೀಕರು ಗುಲಾಮರ ಸಮೇತ ಬಂದು ನೆಲೆಸಿದರು. 1797ರಲ್ಲಿ ದ್ವೀಪ ಬ್ರಿಟಿಷರ ಕೈಸೇರಿತು. ಜನರಲ್ಲಿ ಹೆಚ್ಚಿನವರು ಕ್ಯಾಥೊಲಿಕರಾದರೂ ಮುಂದೆ ರಾಜಾಶ್ರಯ ಸಿಕ್ಕಿದ್ದು ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿಗೆ.

ಬ್ಯಾಪ್ಟಿಸ್ಟರು ಬಂದ ದಾರಿಯೇ ಬೇರೆ. ಬ್ರಿಟನ್ ಮತ್ತು ಅಮೆರಿಕದ ನಡುವೆ 1812ರಲ್ಲಿ ಶುರುವಾದ ಯುದ್ಧದಲ್ಲಿ ಅಮೆರಿಕದ ಕೆಲವು ಗುಲಾಮರು ಒಡೆಯರಿಂದ ತಪ್ಪಿಸಿಕೊಂಡು ಬ್ರಿಟಿಷರ ಪರ ಬಂದೂಕು ಹಿಡಿದರು. ಸ್ವಾತಂತ್ರ್ಯ ಮತ್ತು ಭೂಮಿಯ ಮಾತು ಕೊಟ್ಟಿದ್ದ ಬ್ರಿಟನ್ ಅವರನ್ನು ದಕ್ಷಿಣ ಟ್ರಿನಿಡಾಡ್‌ನ ಕಾಡಿನಲ್ಲಿ ನೆಲೆಗೊಳಿಸಿತು. ಅವರ ಹೆಸರು ಮೆರಿಕಿನ್. ಸೈನ್ಯದ ತುಕಡಿಗಳ ಹೆಸರೇ ಊರುಗಳಿಗೂ ಬಂತು: ಥರ್ಡ್ ಕಂಪನಿ, ಫಿಫ್ತ್ ಕಂಪನಿ, ಸಿಕ್ಸ್ತ್ ಕಂಪನಿ. ಗುಲಾಮಗಿರಿಯಲ್ಲಿದ್ದಾಗಲೇ ಕಟ್ಟಿಕೊಂಡಿದ್ದ ಬ್ಯಾಪ್ಟಿಸ್ಟ್ ಭಕ್ತಿಯನ್ನು ಅವರು ಅಲ್ಲಿಗೂ ಒಯ್ದರು. ಪಕ್ಕದ ಸೇಂಟ್ ವಿನ್ಸೆಂಟ್‌ನಲ್ಲಿ 'ಶೇಕರ್' ಎನಿಸಿಕೊಂಡವರ ಭಕ್ತಿಯೂ ಇಂಥದ್ದೇ. ಅಲ್ಲಿ 1912ರಲ್ಲೇ ನಿಷೇಧ ಬಂದಿತ್ತು.

ಗದ್ದಲವಾಗುತ್ತದೆ, ನೆರೆಹೊರೆಗೆ ತೊಂದರೆ ಎಂಬುದು ಸರ್ಕಾರ ಕೊಟ್ಟ ಕಾರಣ. ಅದನ್ನು ನಾನು ನಂಬುವುದಿಲ್ಲ. 1880ರ ದಶಕದಲ್ಲೇ ಆಫ್ರಿಕನ್ ಮೂಲದವರ ಡೋಲಿನ ಮೇಲೆ ನಿರ್ಬಂಧ ಬಂದಿತ್ತು. 1884ರಲ್ಲಿ ಸ್ಯಾನ್ ಫರ್ನಾಂಡೋದಲ್ಲಿ ಭಾರತೀಯ ಕೂಲಿಗಳ ಹೊಸೆ, ಅಂದರೆ ಮೊಹರಂ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರನ್ನು ಕೊಂದಿದ್ದರು. ಅಧಿಕಾರಿಗಳನ್ನು ಕಾಡಿದ್ದು ಸದ್ದಲ್ಲ, ತಮ್ಮ ಅಂಕೆಗೆ ಸಿಗದೆ ಬಡವರು ಒಟ್ಟು ಸೇರುವುದು.

ನಿಷೇಧದ 34 ವರ್ಷ ಭಕ್ತರು ಕಾಡು ಗುಡ್ಡಗಳಲ್ಲಿ, ರಾತ್ರಿ ಹೊತ್ತು ಸೇರಿದರು. ಪೊಲೀಸರು ದಾಳಿ ಮಾಡಿದರು, ದಂಡ ಹಾಕಿಸಿದರು, ಜೈಲಿಗೂ ಕಳಿಸಿದರು. ಆದರೂ ಭಕ್ತರ ಮುಖ್ಯ ವ್ರತವಾದ 'ಮೋರ್ನಿಂಗ್', ಅಂದರೆ ಶೋಕಾಚರಣೆ, ನಿಲ್ಲಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹಲವು ದಿನ ಉಪವಾಸವಿದ್ದು ಒಂದು ಕೋಣೆಯಲ್ಲಿ ಮಲಗಿ ಪ್ರಾರ್ಥಿಸುವ ವ್ರತವದು. ಆ ಹೊತ್ತಿನಲ್ಲಿ ಆತ್ಮ ಆಫ್ರಿಕಾಕ್ಕೆ, ಭಾರತಕ್ಕೆ, ಚೀನಾಕ್ಕೆ ಪಯಣ ಹೋಗಿಬರುತ್ತದೆ ಎಂದು ವ್ರತ ಮುಗಿಸಿದವರು ಹೇಳುತ್ತಾರೆ. ದ್ವೀಪಕ್ಕೆ ಯಾವ ಯಾವ ನೆಲದ ಜನ ಬಂದರೋ ಆ ನೆಲಗಳೆಲ್ಲ ಅವರ ಧ್ಯಾನದೊಳಗಿವೆ. ನನ್ನನ್ನು ಬಹಳ ತಟ್ಟಿದ್ದು ಇದು.

ಗ್ರೆನಡಾದಿಂದ ಬಂದ ಎಲ್ಟನ್ ಗ್ರಿಫಿತ್ 1940ರ ದಶಕದಲ್ಲಿ ಚದುರಿದ ಗುಂಪುಗಳನ್ನು ಒಗ್ಗೂಡಿಸಿ ಹೋರಾಟಕ್ಕಿಳಿದರು. 1951ರ ಮಾರ್ಚ್ 30ರಂದು ಕಾಯ್ದೆ ರದ್ದಾಯಿತು.

ಆದರೆ ಮರುವರ್ಷವೇ ಇನ್ನೊಂದು ಪ್ರಕರಣ. ವಾಟರ್‌ಲೂ ಎಂಬಲ್ಲಿ ಕಬ್ಬಿನ ಗದ್ದೆಯ ಕೂಲಿ ಸೇವದಾಸ ಸಾಧು ಕಡಲಂಚಿನಲ್ಲಿ ಕಟ್ಟಿದ್ದ ಗುಡಿ ಸಕ್ಕರೆ ಕಂಪನಿಯ ಜಾಗದಲ್ಲಿದೆ ಎಂದು ಅದನ್ನು ಕೆಡವಲಾಯಿತು. ಸಾಧುವಿಗೆ 14 ದಿನ ಜೈಲು. ನೆಲ ನಿಮ್ಮದಾದರೆ ನೀರು ಯಾರದ್ದೂ ಅಲ್ಲವಲ್ಲ ಎಂಬಂತೆ, ಆತ ಸೈಕಲ್ಲಿನಲ್ಲಿ ಕಲ್ಲು ಸಿಮೆಂಟು ಹೊತ್ತು, ವರ್ಷಗಟ್ಟಲೆ ಸಮುದ್ರ ತುಂಬಿಸಿ, ಅಲ್ಲೇ ಮತ್ತೆ ಗುಡಿ ಕಟ್ಟಿದ.

1996ರಲ್ಲಿ, ಭಾರತೀಯ ಮೂಲದ ಮೊದಲ ಪ್ರಧಾನಿ ಬಾಸ್‌ದೇವ್ ಪಾಂಡೆಯವರ ಸರ್ಕಾರ ಮಾರ್ಚ್ 30ನ್ನು ಸಾರ್ವತ್ರಿಕ ರಜೆ ಮಾಡಿತು. ಸ್ಪಿರಿಚುಯಲ್ ಬ್ಯಾಪ್ಟಿಸ್ಟ್ ವಿಮೋಚನಾ ದಿನವಾದ ಅಂದು ಕಾಯ್ದೆಯ ಪಟ್ಟಿಯಲ್ಲಿದ್ದ ಗಂಟೆ, ಹೂ, ಮೇಣದಬತ್ತಿ ಎಲ್ಲವೂ ಹಾಡುಹಗಲೇ ಹೊರಬರುತ್ತವೆ.