ದಟ್ಟ ಹುಲ್ಲಿಗೆ ಎರಡು ಹಳೇ ಟ್ರಾಕ್ಟರ್: ಯಾವುದನ್ನು ತರಲಿ?

ಪ್ರಶ್ನೆ: ಅಮೆರಿಕದ ಓಹಾಯೋದಲ್ಲಿ, ಊರಿಂದ ಸ್ವಲ್ಪ ಹೊರಗೆ ಮನೆ ತಗೊಂಡು ಒಂದು ವರ್ಷವಾಯಿತು. ಎರಡು ಎಕರೆ ಜಾಗ, ಬಹುಪಾಲು ಹುಲ್ಲು. ಏಪ್ರಿಲ್ ಬಂತೆಂದರೆ ಇವತ್ತು ಕೊಯ್ದದ್ದು ನಾಲ್ಕು ದಿನಕ್ಕೆ ಮತ್ತೆ ಪಾದ ಮುಚ್ಚುತ್ತದೆ. ಒಂದು ಮೂಲೆಯಂತೂ ಮೊಣಕಾಲುದ್ದ ಬೆಳೆದಿದೆ. ಹೊಸ ಗಟ್ಟಿ ಯಂತ್ರ ಕೊಳ್ಳುವಷ್ಟು ದುಡ್ಡಿಲ್ಲ. ಹತ್ತಿರದಲ್ಲೇ ಎರಡು ಹಳೇ ಗಾರ್ಡನ್ ಟ್ರಾಕ್ಟರ್, ಅಂದರೆ ಮೇಲೆ ಕೂತು ಓಡಿಸಿ ಹುಲ್ಲು ಕೊಯ್ಯುವ ಚಿಕ್ಕ ಟ್ರಾಕ್ಟರ್, ಮಾರಾಟಕ್ಕಿವೆ. ಒಂದು 1976ರ ಕಬ್ ಕೆಡೆಟ್ 1450, 14 ಎಚ್‌ಪಿ, 44 ಇಂಚಿನ ಡೆಕ್ (ಹೊಟ್ಟೆಯಡಿ ಬ್ಲೇಡುಗಳನ್ನು ಮುಚ್ಚಿರುವ ತಗಡಿನ ಹೊದಿಕೆ). ಇನ್ನೊಂದು 1986ರ ಜಾನ್ ಡಿಯರ್ 318, 18 ಎಚ್‌ಪಿ, 50 ಇಂಚಿನ ಡೆಕ್. ಬೆಲೆ ಹೆಚ್ಚೂಕಡಿಮೆ ಒಂದೇ. ಎಚ್‌ಪಿ ಜಾಸ್ತಿ ಇರೋದನ್ನೇ ತಗೊಂಡರೆ ಸಾಕಲ್ವಾ?

ಉತ್ತರ: ಸಾಲದು. ಎಚ್‌ಪಿ ಕೊನೆಗೆ ನೋಡಿ. ಮೊದಲು ಮಂಡಿಯೂರಿ ಕೂತು ಡೆಕ್‌ನ ಕೆಳಗೆ ಟಾರ್ಚ್ ಬಿಡಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ನನ್ನ ಮೊದಲ ಹಳೇ ಟ್ರಾಕ್ಟರ್ ಕೊಳ್ಳುವಾಗ ಬಾನೆಟ್ ಎತ್ತಿ ಎಂಜಿನ್ ನೋಡಿದೆ, ಸದ್ದು ಕೇಳಿದೆ, ತಲೆಯಾಡಿಸಿದೆ, ದುಡ್ಡು ಕೊಟ್ಟೆ. ಮನೆಗೆ ತಂದು ಡೆಕ್ ಕಳಚಿ ನೋಡಿದರೆ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತು. ಆ ಬೇಸಿಗೆ ಹುಲ್ಲಿಗಿಂತ ಜಾಸ್ತಿ ವೆಲ್ಡಿಂಗ್ ಆಯಿತು.

ಡೆಕ್ ಯಾಕೆ ಮುಖ್ಯ ಅಂತ ತಿಳಿಯಬೇಕಾದರೆ ಬ್ಲೇಡ್ ಹುಲ್ಲನ್ನು ಹೇಗೆ ಕೊಯ್ಯುತ್ತದೆ ಅನ್ನೋದನ್ನು ನೋಡಬೇಕು. ಊರಲ್ಲಿ ಕುಡುಗೋಲು ಹಿಡಿದು ಹುಲ್ಲು ಕೊಯ್ಯುವಾಗ ಎಡಗೈಯಲ್ಲಿ ಹಿಡಿ ಹುಲ್ಲು ಹಿಡಿದು, ಬಲಗೈಯಲ್ಲಿ ಎಳೆಯುತ್ತೇವೆ. ಹುಲ್ಲು ಅಲ್ಲಾಡದ ಹಾಗೆ ಹಿಡಿಯಲು ಒಂದು ಕೈ ಇದೆ. ಸುತ್ತುವ ಬ್ಲೇಡಿಗೆ ಆ ಎಡಗೈ ಇಲ್ಲ. ಅದು ಕೊಯ್ಯುವುದು ಬರೀ ವೇಗದಿಂದ. ಹುಲ್ಲು ಬಾಗಿ ತಪ್ಪಿಸಿಕೊಳ್ಳುವ ಮೊದಲೇ ಹೊಡೆದು ತುಂಡು ಮಾಡುತ್ತದೆ. ಮಲೆನಾಡಿನ ಅಡಿಕೆ ತೋಟದಲ್ಲಿ ಬ್ರಷ್ ಕಟರ್ ಹಿಡಿದವರಿಗೆ ಇದು ಗೊತ್ತು. ಥ್ರಾಟಲ್ ಸ್ವಲ್ಪ ಬಿಟ್ಟರೂ ಸಾಕು, ದಾರ ಕೊಯ್ಯೋದು ಬಿಟ್ಟು ಹುಲ್ಲನ್ನು ಸುತ್ತಿಕೊಳ್ಳುತ್ತದೆ.

ಅಮೆರಿಕದ ಸುರಕ್ಷತಾ ಮಾನದಂಡದ ಪ್ರಕಾರ ಹುಲ್ಲು ಕೊಯ್ಯುವ ಬ್ಲೇಡಿನ ತುದಿಯ ವೇಗ ನಿಮಿಷಕ್ಕೆ 19,000 ಅಡಿ ಮೀರಬಾರದು. ಅಂದರೆ ಗಂಟೆಗೆ ಸುಮಾರು 347 ಕಿಲೋಮೀಟರ್. ಒಳ್ಳೆಯ ಡೆಕ್‌ಗಳು ಇದಕ್ಕಿಂತ ತುಸುವೇ ಕೆಳಗೆ ಓಡುತ್ತವೆ. ಎಂಜಿನ್ ನಿಮಿಷಕ್ಕೆ 3600 ಸುತ್ತು ತಿರುಗುವಾಗ ಸಿಗುವ ವೇಗ ಇದು ಅಂದುಕೊಳ್ಳಿ. ದಟ್ಟ ಹುಲ್ಲಿಗೆ ನುಗ್ಗಿದಾಗ ಎಂಜಿನ್ ಉಸಿರುಗಟ್ಟಿ 2800ಕ್ಕೆ ಇಳಿದರೆ ತುದಿಯ ವೇಗ 22% ಇಳಿಯುತ್ತದೆ. ಆದರೆ ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ನಷ್ಟ 40%ರ ಹತ್ತಿರ. ಆಗಲೇ ಹಿಂದೆ ತಿರುಗಿ ನೋಡಿದರೆ ಗಡ್ಡ ಅರೆಬರೆ ಬೋಳಿಸಿದ ಹಾಗೆ ಪಟ್ಟೆ ಪಟ್ಟೆ ಕಾಣೋದು.

ಹಾಗಾದರೆ ದೊಡ್ಡ ಎಂಜಿನ್ ಇದ್ದರೆ ಸರಿ ಅಲ್ವಾ? ಅದು ಎಷ್ಟು ಅಗಲದ ಡೆಕ್ಕನ್ನು ಎಳೆಯಬೇಕು ಅನ್ನೋದರ ಮೇಲಿದೆ. ಕಬ್ ಕೆಡೆಟ್‌ನ 14 ಎಚ್‌ಪಿಯನ್ನು 44 ಇಂಚಿಗೆ ಹಂಚಿದರೆ ಇಂಚಿಗೆ ಸುಮಾರು 0.32. ಜಾನ್ ಡಿಯರ್‌ನ 18 ಎಚ್‌ಪಿಯನ್ನು 50 ಇಂಚಿಗೆ ಹಂಚಿದರೆ 0.36. ವ್ಯತ್ಯಾಸ ಇದೆ, ಆದರೆ 14ಕ್ಕೂ 18ಕ್ಕೂ ಕಾಣುವಷ್ಟು ದೊಡ್ಡದಲ್ಲ. ಅದೇ 318ಕ್ಕೆ 46 ಇಂಚಿನ ಡೆಕ್ ಕೂಡ ಬರುತ್ತಿತ್ತು. ಅದನ್ನು ಹಾಕಿದರೆ 0.39. ದಟ್ಟ ಹುಲ್ಲಿಗೆ ನಾನಾದರೆ 50 ಬಿಟ್ಟು 46 ಹುಡುಕುತ್ತೇನೆ.

ಅಗಲ ಕಡಿಮೆಯಾದರೆ ದಿನವಿಡೀ ಓಡಿಸಬೇಕಾಗುತ್ತದೆ ಅನ್ನೋ ಭಯ ಬೇಡ. ಗಂಟೆಗೆ 3 ಮೈಲಿ ವೇಗದಲ್ಲಿ, ತಿರುವು ಮತ್ತು ಒಂದರ ಮೇಲೊಂದು ಬರುವ ಪಟ್ಟೆ ಲೆಕ್ಕಕ್ಕೆ ಹಿಡಿಯದೆ, 50 ಇಂಚಿನ ಡೆಕ್ ಒಂದು ಎಕರೆಗೆ 40 ನಿಮಿಷ ತಗೊಳ್ಳುತ್ತದೆ. 44 ಇಂಚಿನದು 45 ನಿಮಿಷ. ಐದೇ ನಿಮಿಷ! ಆದರೆ ಹುಲ್ಲು ದಟ್ಟ ಅಂತ 50 ಇಂಚಿನದನ್ನು ಗಂಟೆಗೆ 2 ಮೈಲಿಗೆ ಇಳಿಸಿದಿರಿ ಅನ್ನಿ. ಆಗ ಎಕರೆಗೆ ಒಂದು ಗಂಟೆ. ಅಗಲದ ಡೆಕ್ ಕೊಂಡು ನಿಧಾನ ಹೋಗುವವರಿಗಿಂತ ಕಿರಿದರಲ್ಲಿ ಆರಾಮಾಗಿ ಹೋಗುವವರೇ ಬೇಗ ಕಾಫಿಗೆ ಕೂರುತ್ತಾರೆ.

ಈಗ ಆ ಎರಡು ಯಂತ್ರಗಳ ಕಥೆಗೆ ಬರೋಣ. ಎರಡೂ ಒಳ್ಳೆಯ ಮನೆತನದವು.

ಕಬ್ ಕೆಡೆಟ್ ಶುರುವಾದದ್ದು 1960-61ರಲ್ಲಿ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯಲ್ಲಿ. ಕೆಂಟಕಿಯ ಲೂಯಿವಿಲ್ ಕಾರ್ಖಾನೆಯಲ್ಲಿ, ಹೊಲದ ಟ್ರಾಕ್ಟರ್ ಮಾಡುತ್ತಿದ್ದವರೇ ಮಾಡಿದ ಚಿಕ್ಕ ಟ್ರಾಕ್ಟರ್ ಅದು. 1981ರಲ್ಲಿ ಆ ವ್ಯಾಪಾರ ಎಂಟಿಡಿ ಕಂಪನಿಯ ಕೈಗೆ ಹೋಯಿತು. ನಿಮ್ಮ 1450 ಅದಕ್ಕೂ ಮುಂಚಿನದು, ಹಾರ್ವೆಸ್ಟರ್ ಕಾಲದ್ದು. ಬಿಳಿ ಹಳದಿ ಬಣ್ಣದ, ಎಂಜಿನ್‌ಗೆ ಪಕ್ಕದ ಮುಚ್ಚಳ ಇರುವ ಸಾಲಿನದು. ಜಾನ್ ಡಿಯರ್ 318 ವಿಸ್ಕಾನ್ಸಿನ್‌ನ ಹೊರಿಕಾನ್‌ನಲ್ಲಿ 1983ರಿಂದ 1992ರವರೆಗೆ ತಯಾರಾಯಿತು.

ಎರಡರಲ್ಲೂ ಎಂಜಿನ್‌ನಿಂದ ಹಿಂದಿನ ಚಕ್ರದ ಕಡೆಗೆ ಶಕ್ತಿ ಹೋಗುವುದು ಉಕ್ಕಿನ ಶಾಫ್ಟ್ ಮೂಲಕ. ಈಗಿನ ಅಗ್ಗದ ಲಾನ್ ಟ್ರಾಕ್ಟರ್‌ಗಳಲ್ಲಿ ಅಲ್ಲಿ ಬೆಲ್ಟ್ ಇರುತ್ತದೆ. ಎರಡರಲ್ಲೂ ಹೈಡ್ರೋಸ್ಟ್ಯಾಟಿಕ್ ಚಾಲನೆ, ಅಂದರೆ ಗೇರ್ ಬದಲಿಸುವ ಬದಲು ಪಂಪಿನ ಎಣ್ಣೆಯ ಒತ್ತಡದಿಂದ ಗಾಡಿ ಓಡಿಸುವ ವ್ಯವಸ್ಥೆ. ದಟ್ಟ ಹುಲ್ಲಿಗೆ ಇದು ವರ. ಗೇರ್ ಗಾಡಿಯಲ್ಲಿ ಹುಲ್ಲು ದಪ್ಪ ಬಂದರೆ ಕ್ಲಚ್ ತುಳಿದು, ಗೇರ್ ಬದಲಿಸಿ, ಮತ್ತೆ ಹೊರಡಬೇಕು. ಹೈಡ್ರೋದಲ್ಲಿ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲೇ ಇರಲಿ ಅಂತ ಬಿಟ್ಟು, ಲಿವರ್ ಚೂರು ಹಿಂದಕ್ಕೆ ತಂದರೆ ಗಾಡಿ ಮಾತ್ರ ನಿಧಾನವಾಗುತ್ತದೆ. ಬ್ಲೇಡ್ ತನ್ನ ಪಾಡಿಗೆ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. ಹಾಗಾಗಿ ಈ ವಿಷಯದಲ್ಲಿ ಇಬ್ಬರೂ ಸಮ.

ಬೇರೆಯಾಗೋದು ಎಂಜಿನ್ನಲ್ಲಿ.

1450ರಲ್ಲಿರೋದು ಕೊಹ್ಲರ್ ಕೆ321. ಒಂದೇ ಸಿಲಿಂಡರ್, ಸುಮಾರು 510 ಸಿಸಿ, ಬೀಡು ಕಬ್ಬಿಣದ ಬ್ಲಾಕ್. ಧಡ್ ಧಡ್ ಅಂತ ಹೊಡೆದುಕೊಳ್ಳುತ್ತದೆ, ಕೂತವರ ಕೈಕಾಲು ಜುಮ್ಮೆನ್ನುತ್ತದೆ. ಆದರೆ ಅದರೊಳಗೆ ಅರ್ಥವಾಗದ್ದು ಏನೂ ಇಲ್ಲ. ಹಳೇ ಬುಲೆಟ್ ಬಿಚ್ಚಿ ಜೋಡಿಸಿದವರಿಗೆ ಇದು ನೆಂಟರ ಮನೆ ಇದ್ದ ಹಾಗೆ. ಪಿಸ್ಟನ್, ವಾಲ್ವ್, ಗ್ಯಾಸ್ಕೆಟ್ ಎಲ್ಲವೂ ಇವತ್ತಿಗೂ ಸುಲಭವಾಗಿ ಸಿಗುತ್ತವೆ. ಸಿಲಿಂಡರ್ ಸವೆದರೆ ಕೊರೆಸಿ, ದಪ್ಪ ಪಿಸ್ಟನ್ ಹಾಕಿಸಿದರೆ ಮತ್ತೆ ಎಷ್ಟೋ ವರ್ಷ. ಈ ಸಾಲಿನ ಕೆಲವು ಎಂಜಿನ್ನುಗಳಲ್ಲಿ ಅದುರು ತಗ್ಗಿಸಲು ಒಳಗೆ ಬ್ಯಾಲೆನ್ಸ್ ಗೇರ್ ಇಟ್ಟಿದ್ದರು. ಅವು ಸವೆದು ಒಡೆದರೆ ಬ್ಲಾಕ್ ಕೂಡ ಹೋಗಬಹುದು. ಅದಕ್ಕೇ ಎಂಜಿನ್ ಬಿಚ್ಚಿದ ಮೆಕ್ಯಾನಿಕ್‌ಗಳು ಬಹಳಷ್ಟು ಸಲ ಅವನ್ನು ತೆಗೆದೇ ಹಾಕುತ್ತಾರೆ. ಮಾರುವವರನ್ನು ಈ ಬಗ್ಗೆ ಕೇಳಿ. ಉತ್ತರ ಗೊತ್ತಿದ್ದರೆ ಯಂತ್ರವನ್ನು ಚೆನ್ನಾಗಿ ನೋಡಿಕೊಂಡವರು ಅಂತ ಅರ್ಥ.

1450ರ ಇನ್ನೊಂದು ದೌರ್ಬಲ್ಯ, ಎಂಜಿನ್ ಕೂತಿರುವ ರಬ್ಬರ್ ಮೌಂಟುಗಳು. ಸದ್ದು, ಅದುರು ಕಡಿಮೆಯಾಗಲಿ ಅಂತ ಕೊಟ್ಟದ್ದು. ಐವತ್ತು ವರ್ಷದ ರಬ್ಬರ್ ಅಲ್ವಾ, ಕುಸಿದಿರುತ್ತದೆ. ಆಗ ಎಂಜಿನ್ ವಾಲಿ, ಶಾಫ್ಟ್‌ನ ಜೋಡಣೆ ತಿನ್ನಲು ಶುರುಮಾಡುತ್ತದೆ. ಎಂಜಿನ್ ನಿಲ್ಲಿಸಿ, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಹಲ್ಲು ಅಲುಗಿದ ಹಾಗೆ ಅಲುಗಿದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

318ರಲ್ಲಿರೋದು ಒನಾನ್ ಕಂಪನಿಯ ಎರಡು ಸಿಲಿಂಡರ್ ಎಂಜಿನ್. ಎರಡೂ ಎದುರುಬದುರು ಮಲಗಿರುತ್ತವೆ. ಓಡುವಾಗ ನಯ ಅಂದರೆ ಅಷ್ಟು ನಯ. ದಟ್ಟ ಹುಲ್ಲಿಗೆ ಇಳಿದರೂ ಗುರ್ ಅಂತ ಒಂದು ಸ್ವರ ಇಳಿಸಿ ಮುಂದೆ ಹೋಗುತ್ತದೆ. ಅದರ ಮೇಲೆ ಪವರ್ ಸ್ಟೀರಿಂಗ್, ಡೆಕ್ ಎತ್ತಲು ಹೈಡ್ರಾಲಿಕ್. ಎರಡು ಎಕರೆ ಕೊಯ್ದು ಇಳಿಯುವಾಗ ತೋಳು ನೋಯೋದಿಲ್ಲ. ಒಮ್ಮೆ ಕೂತು ಓಡಿಸಿದರೆ 1450 ಕಡೆ ತಿರುಗಿ ನೋಡುವ ಮನಸ್ಸಾಗೋದು ಕಷ್ಟ.

ಆದರೆ ಇದು ಗಾಳಿಯಿಂದ ತಣಿಯುವ ಎಂಜಿನ್. ಇಕ್ಕಟ್ಟಿನ ಬಾನೆಟ್ ಒಳಗೆ, ತಗಡಿನ ಹೊದಿಕೆಯಡಿ ಕೂತಿರುತ್ತದೆ. ಹುಲ್ಲಿನ ಪುಡಿ ಒಳಗೆ ಎಳೆದುಕೊಂಡು ಸಿಲಿಂಡರ್ ಸುತ್ತಲಿನ ರೆಕ್ಕೆಗಳ ನಡುವೆ ಮೆತ್ತಿಕೊಳ್ಳುತ್ತದೆ. ಚಳಿಗಾಲದಲ್ಲಿ ಇಲಿ ಗೂಡು ಕಟ್ಟಿದರಂತೂ ಮುಗಿಯಿತು. ಹೊರಗಿನಿಂದ ಏನೂ ಕಾಣೋದಿಲ್ಲ. ಒಳಗೆ ಬಿಸಿ ಏರಿ, ವಾಲ್ವ್ ಕೂರುವ ಉಂಗುರ ಸಡಿಲವಾಗಿ ಕಳಚಿಕೊಳ್ಳುತ್ತದೆ. ಒನಾನ್ ಸತ್ತಿತು ಅಂತ ಕೇಳಿದರೆ ಬಹಳಷ್ಟು ಸಲ ಕಥೆ ಇದೇ. ಮತ್ತೆ ಈ ಎಂಜಿನ್ ತಯಾರಿಕೆ ನಿಂತು ಎಷ್ಟೋ ವರ್ಷ ಆಯಿತು. ಒಳಗಿನ ಕೆಲವು ದೊಡ್ಡ ಬಿಡಿಭಾಗಗಳು ಈಗ ಹೊಸದಾಗಿ ಸಿಗೋದಿಲ್ಲ. ಎಂಜಿನ್ ಹೋದ 318ಗಳಿಗೆ ಜನ ಬ್ರಿಗ್ಸ್ ವ್ಯಾನ್‌ಗಾರ್ಡ್ ಎಂಜಿನ್ ಕೂರಿಸಿ ಓಡಿಸುತ್ತಾರೆ. ಗಾಡಿ ಮತ್ತೆ ಹೊಸದಾಗುತ್ತದೆ, ಆದರೆ ಆ ಖರ್ಚು ನೀವು ಗಾಡಿಗೆ ಕೊಟ್ಟ ಬೆಲೆಯನ್ನೇ ಮೀರಬಹುದು.

ಹಾಗಾಗಿ ನನ್ನ ಮಾತು ಇಷ್ಟು. ಒನಾನ್ ಆರೋಗ್ಯವಾಗಿದ್ದರೆ 318 ತಗೊಳ್ಳಿ. ಚೂರು ಅನುಮಾನ ಬಂದರೂ 1450 ತಗೊಳ್ಳಿ, ಬೇಸರ ಬೇಡ. ನಿಮಗೆ ಸ್ಪ್ಯಾನರ್ ಹಿಡಿದು ಭಾನುವಾರ ಕಳೆಯೋದು ಇಷ್ಟ ಅಂತಾದರೆ ನೇರವಾಗಿ 1450.

ಒನಾನ್ ಆರೋಗ್ಯ ಪತ್ತೆ ಹಚ್ಚೋದು ಹೇಗೆ? ಎರಡೂ ಸಿಲಿಂಡರ್‌ನ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಒಳಗೆ ಏಳುವ ಒತ್ತಡ, ಅಳೆಯಿರಿ. ಗೇಜು ದುಬಾರಿ ಸಾಮಾನಲ್ಲ. ಸಂಖ್ಯೆ ಎಷ್ಟು ಅನ್ನೋದಕ್ಕಿಂತ ಎರಡೂ ಹತ್ತಿರ ಹತ್ತಿರ ಇವೆಯಾ ಅನ್ನೋದು ಮುಖ್ಯ. ಒಂದು ಕಡೆ ತೀರಾ ಕಡಿಮೆ ಇದ್ದರೆ ಕೈಮುಗಿದು ಹೊರಡಿ. ಆಮೇಲೆ ಅರ್ಧ ಗಂಟೆ ನಿಜವಾದ ಹುಲ್ಲಲ್ಲಿ ಓಡಿಸಿ. ಅಂಗಳದಲ್ಲಿ ಒಂದು ಸುತ್ತು ಹಾಕಿದರೆ ಏನೂ ಗೊತ್ತಾಗೋದಿಲ್ಲ. ಬಿಸಿಯಾದ ಮೇಲೆ ನೀಲಿ ಹೊಗೆ ಬರುತ್ತದಾ, ಏರು ಹತ್ತುವಾಗ ಹೈಡ್ರೋ ಸೋಲುತ್ತದಾ ನೋಡಿ. ಚಳಿ ಇದ್ದಾಗ ಎಳೆದು, ಬಿಸಿಯಾದ ಮೇಲೆ ನಿಂತುಬಿಡುವ ಹೈಡ್ರೋ ಇದ್ದರೆ ಒಳಗಿನ ಪಂಪ್ ಸವೆದಿದೆ ಅಂತ. ಹೈಡ್ರೋದ ಎಣ್ಣೆ ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ.

ಇನ್ನು ಡೆಕ್. ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ ತಂತಿ ಕಿತ್ತಿಟ್ಟು, ಕೈಗವಸು ಹಾಕಿಕೊಂಡು ಕೆಳಗೆ ಕೈ ಹಾಕಿ. ಒಂದೊಂದು ಬ್ಲೇಡಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಹೋಗಿದೆ. ತಗಡನ್ನು ಸ್ಕ್ರೂ ಡ್ರೈವರ್ ಹಿಡಿಯಿಂದ ಬಡಿದು ಬನ್ನಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ದಬ್ ಅನ್ನುತ್ತದೆ. ಒಣಗಿದ ಹುಲ್ಲು ಒಳಗೆ ಸಗಣಿ ಸಾರಿಸಿದ ಹಾಗೆ ಕೂತಿದ್ದರೆ ಕೆರೆದು ತೆಗೆಯಿಸಿ. ಅದರಡಿಯಲ್ಲೇ ತುಕ್ಕು ಅಡಗಿರುತ್ತದೆ. ಮೇಲಾಗಿ ಗಾಳಿ ಸುತ್ತಲು ಜಾಗ ಇಲ್ಲದಿದ್ದರೆ ಬ್ಲೇಡ್ ಹುಲ್ಲನ್ನು ಎಬ್ಬಿಸಿ ನಿಲ್ಲಿಸೋದೇ ಇಲ್ಲ.

ಸೀಟಿನಡಿ ಸ್ವಿಚ್ ಇದ್ದರೆ ಅದನ್ನೂ ನೋಡಿ. ಬ್ಲೇಡ್ ತಿರುಗುತ್ತಿರುವಾಗ ಎದ್ದರೆ ಎಂಜಿನ್ ನಿಲ್ಲಿಸೋದು ಅದರ ಕೆಲಸ. ಹಿಂದಿನ ಮಾಲೀಕರು ಸುಮ್ನೆ ಕಿರಿಕಿರಿ ಅಂತ ತಂತಿ ಸೇರಿಸಿ ಅದನ್ನು ಕುರುಡು ಮಾಡಿರುತ್ತಾರೆ. ಮಕ್ಕಳಿರುವ ಮನೆ ಆದರೆ ಮೊದಲ ದಿನವೇ ಸರಿ ಮಾಡಿಸಿ.

ನಿಮ್ಮ ಆ ಮೊಣಕಾಲುದ್ದದ ಮೂಲೆ ಇದೆಯಲ್ಲ, ಅದಕ್ಕೆ ಮೊದಲ ಸಲ ಈ ಎರಡನ್ನೂ ಇಳಿಸಬೇಡಿ. ಅದು ಲಾನ್ ಡೆಕ್ಕಿನ ಕೆಲಸ ಅಲ್ಲ. ದೊಡ್ಡ ಟ್ರಾಕ್ಟರ್ ಹಿಂದೆ ಬುಷ್ ಹಾಗ್ (ಎತ್ತರದ ಹುಲ್ಲು, ಪೊದೆ ಹೊಡೆಯುವ ಗಟ್ಟಿ ಕಟರ್) ಕಟ್ಟಿಕೊಂಡಿರುವ ಅಕ್ಕಪಕ್ಕದ ರೈತರು ಯಾರಾದರೂ ಇರುತ್ತಾರೆ. ಒಂದು ಸಲ ಹೊಡೆಸಿಬಿಡಿ. ಕಲ್ಲು, ತಂತಿ, ಮರದ ಬೊಡ್ಡೆ ಏನಿದೆ ಅಂತ ಕಣ್ಣಿಗೂ ಕಾಣುತ್ತದೆ. ಆಮೇಲೆ ನೀವು ಹಿಡಿದುಕೊಳ್ಳಿ.

ಉಳಿದ ಕಡೆ ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಯ್ಯಬೇಡಿ. ನಿಮ್ಮ ಕಡೆ ಟಾಲ್ ಫೆಸ್ಕ್ಯೂ ಅನ್ನೋ ಜಾತಿಯ ಹುಲ್ಲು ಜಾಸ್ತಿ ಇರುತ್ತದೆ. ಅದನ್ನು ಮೂರು, ಮೂರೂವರೆ ಇಂಚಿಗೆ ಬಿಟ್ಟರೆ ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಮೇ ತಿಂಗಳಲ್ಲಿ ಅದು ಐದು ದಿನಕ್ಕೊಮ್ಮೆ ಕರೆಯುತ್ತದೆ, ತಪ್ಪಿಸಿಕೊಳ್ಳೋ ಹಾಗಿಲ್ಲ. ಮಳೆಯಿಂದ ತಡವಾಯಿತೋ, ಡೆಕ್ ಪೂರ್ತಿ ಎತ್ತಿ ಒಮ್ಮೆ, ಎರಡು ದಿನ ಬಿಟ್ಟು ಇಳಿಸಿ ಇನ್ನೊಮ್ಮೆ. ಬ್ಲೇಡಿಗೆ ಸಾಣೆ ಹಿಡಿಸೋದು ಮರೆಯಬೇಡಿ. ಮಾರನೇ ದಿನ ಹುಲ್ಲಿನ ತುದಿ ಬಿಳಿಚಿಕೊಂಡು ಎಳೆಎಳೆಯಾಗಿದ್ದರೆ ಬ್ಲೇಡ್ ಕೊಯ್ಯುತ್ತಿಲ್ಲ, ಹರಿಯುತ್ತಿದೆ ಅಂತ. ಎಷ್ಟೋ ಜನ ಎಂಜಿನ್‌ಗೆ ಶಕ್ತಿ ಸಾಲದು ಅನ್ನೋದು ಮೊಂಡು ಬ್ಲೇಡಿನ ತಪ್ಪಿಗೆ.

ನೋಡಲು ಹೋಗುವ ಹಿಂದಿನ ದಿನ ಇಬ್ಬರಿಗೂ ಫೋನ್ ಮಾಡಿ ಒಂದು ಮಾತು ಹೇಳಿ: ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ನಮಸ್ಕಾರ ಹೇಳುವ ಮೊದಲು ಎಂಜಿನ್ ಮೇಲೆ ಕೈ ಇಟ್ಟು ನೋಡಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಸ್ಟಾರ್ಟ್ ಆಗುವ ತೊಂದರೆಯನ್ನು ಮುಚ್ಚಿಡುತ್ತದೆ. ತಣ್ಣಗಿದ್ದರೆ ಮಾತು ಮುಂದುವರಿಸಬಹುದು.